ಮುಂಬಯಿ ಕಡಲಿನ ತೈಲವೇದಿಕೆಗಳು ಮತ್ತು ಉಪಕ್ಷೇತ್ರಗಳು: ಒಂದು ಪರಾವಲಂಬನೆಯ ಇತಿಹಾಸ

ಬಯಲುಸೀಮೆಯ ತುಮಕೂರಿಗೂ ಅರಬ್ಬೀ ಸಮುದ್ರದ ತೈಲಕ್ಷೇತ್ರಗಳಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವಾದುದು. 2013ರಲ್ಲಿ ಕಾರ್ಯಾರಂಭಗೊಂಡ ದಾಭೋಳ್–ಬೆಂಗಳೂರು ಅನಿಲ ಕೊಳವೆಮಾರ್ಗವು ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗಗಳನ್ನು ಹಾದು ತುಮಕೂರು ಜಿಲ್ಲೆಯ ಮೂಲಕ ರಾಜಧಾನಿಯನ್ನು ತಲುಪುತ್ತದೆ. ಸತ್ಯಮಂಗಲದಂತಹ ಕೈಗಾರಿಕಾ ಪ್ರದೇಶಗಳುಳ್ಳ ಈ ಜಿಲ್ಲೆಯ ಆರ್ಥಿಕ ಇತಿಹಾಸವನ್ನು ಬರೆಯುವವರು ಈ ಕೊಳವೆಯನ್ನು ಕಡೆಗಣಿಸುವಂತಿಲ್ಲ. ಹೊರದೇಶಗಳಿಂದ ಹಡಗಿನಲ್ಲಿ ಬರುವ ದ್ರವೀಕೃತ ಅನಿಲವೂ ಅದರಲ್ಲಿ ಹರಿಯುತ್ತದೆ, ನಿಜ. ಆದರೆ ಪನ್ವೇಲ್–ದಾಭೋಳ್ ಮಾರ್ಗದಿಂದ ಅದು ಜೋಡಣೆಗೊಂಡಿರುವ ಪಶ್ಚಿಮ ಭಾರತದ ಅನಿಲಜಾಲ ಮೊದಲಿಗೆ ಬೆಳೆದದ್ದು ಮುಂಬಯಿ ಕಡಲಿನ ಕ್ಷೇತ್ರಗಳನ್ನು ಆಧರಿಸಿಯೇ.

ಮುಂಬಯಿಯಿಂದ ಸುಮಾರು 160 ಕಿ.ಮೀ. ದೂರದ ಕಡಲಿನಲ್ಲಿ 'ಸಾಗರ ಸಮ್ರಾಟ್' 1974ರಲ್ಲಿ ತೈಲವನ್ನು ಪತ್ತೆಹಚ್ಚಿತು; 1976ರಲ್ಲಿ ಉತ್ಪಾದನೆ ಆರಂಭವಾಯಿತು. ಮೊದಮೊದಲು ಹಡಗುಗಳಲ್ಲಿ ಸಾಗುತ್ತಿದ್ದ ತೈಲಕ್ಕೆ 1978ರಲ್ಲಿ ಉರಣ್‌ವರೆಗೆ ಕಡಲತಳದ ಕೊಳವೆ ದೊರೆಯಿತು. ಜನಪ್ರಿಯ ಚರಿತ್ರೆಗಳು ಈ ಶೋಧದ ರೋಚಕತೆಯಲ್ಲೇ ನಿಂತುಬಿಡುತ್ತವೆ. ಕ್ಷೇತ್ರವನ್ನು ದಶಕಗಳ ಕಾಲ ಉಳಿಸಿದ ವ್ಯವಸ್ಥೆಯೇ ಹೆಚ್ಚಿನ ಅಧ್ಯಯನಕ್ಕೆ ಅರ್ಹವೆಂದು ನನ್ನ ಅಭಿಪ್ರಾಯ.

ಬಾವಿವೇದಿಕೆಗಳು ಸಾಮಾನ್ಯವಾಗಿ ನಾಲ್ಕು ಕಾಲುಗಳ, ಜನವಸತಿಯಿಲ್ಲದ ಉಕ್ಕಿನ ಚೌಕಟ್ಟುಗಳು. ಅಲ್ಲಿಂದ ತೈಲ, ಅನಿಲ, ನೀರುಗಳ ಮಿಶ್ರಣ ಕಡಲತಳದ ಕೊಳವೆಯಲ್ಲಿ ಕೇಂದ್ರದ ಸಂಸ್ಕರಣಾ ವೇದಿಕೆಗೆ ಬರುತ್ತದೆ. ವಿಭಜಕಗಳಲ್ಲಿ ಬೇರ್ಪಟ್ಟ ತೈಲ ದಡದ ಹಾದಿ ಹಿಡಿಯುತ್ತದೆ. ಅನಿಲದ ಒಂದು ಭಾಗ ಮಾತ್ರ ಒತ್ತಡಕ್ಕೊಳಗಾಗಿ ಬಾವಿಗಳಿಗೇ ಮರಳುತ್ತದೆ. ಅದು ಬಾವಿಯೊಳಗಿನ ತೈಲಸ್ತಂಭವನ್ನು ಹಗುರಗೊಳಿಸಿ ಮೇಲೇಳಲು ನೆರವಾಗುತ್ತದೆ. ಶುದ್ಧೀಕರಿಸಿದ ಕಡಲನೀರನ್ನೂ ಶಿಲಾಸ್ತರಕ್ಕೆ ತುಂಬಿ ಕುಸಿಯುವ ಒತ್ತಡವನ್ನು ಕಾಯ್ದುಕೊಳ್ಳಲಾಗುತ್ತದೆ. ಕುಣಿಗಲ್, ಗುಬ್ಬಿ ಸೀಮೆಯ ಕೆರೆಸರಣಿಗಳನ್ನು ಬಲ್ಲವರಿಗೆ ಈ ಏರ್ಪಾಡು ಪರಿಚಿತವೆನಿಸಬಹುದು: ಮೇಲಿನ ಕೆರೆ ಕೋಡಿಬಿದ್ದು ಕೆಳಗಿನದನ್ನು ತುಂಬುತ್ತದೆ. ಆದರೆ ಕೆಳಗಿನ ಕೆರೆ ಮೇಲಿನದಕ್ಕೆ ಏನನ್ನೂ ಹಿಂದಿರುಗಿಸುವುದಿಲ್ಲ, ಕಡಲಿನಲ್ಲಿ ಹಿಂದಿರುಗಿಸಲೇಬೇಕು.

ಪ್ರತ್ಯೇಕ ಸಂಸ್ಕರಣಾ ವೇದಿಕೆಯ ವೆಚ್ಚವನ್ನು ಭರಿಸಲಾರದ ಸಣ್ಣ ಕ್ಷೇತ್ರಗಳು ಇಂತಹ ಕೇಂದ್ರಕ್ಕೆ ಉಪಕ್ಷೇತ್ರಗಳಾಗಿ ಸೇರುತ್ತವೆ. ಕೇಂದ್ರದ ಹಳೆಯ ಬಾವಿಗಳು ಸೊರಗಿದಂತೆ ಅಲ್ಲಿನ ಯಂತ್ರಗಳಲ್ಲಿ ತೆರವಾಗುವ ಅವಕಾಶವೇ ಹೊಸಬರ ಪಾಲು. ಈ ಜೋಡಣೆ ಸರಳವಲ್ಲ. ಹೊಸ ಬಾವಿಯ ಅಧಿಕ ಒತ್ತಡ ಒಂದೇ ಕೊಳವೆಯಲ್ಲಿ ಸೇರಿದರೆ ಹಳೆಯ ಬಾವಿಯ ಹರಿವನ್ನು ಹತ್ತಿಕ್ಕುತ್ತದೆ. ಗಂಧಕಯುಕ್ತ ಅನಿಲವಾದರೆ ಕೊಳವೆಯ ಉಕ್ಕನ್ನೇ ಕೆಡಿಸುತ್ತದೆ.

ತಾಂತ್ರಿಕ ಜೋಡಣೆಯಷ್ಟೇ ಆಡಳಿತದ ನಿರ್ಧಾರವೂ ಮುಖ್ಯ ಎಂಬುದಕ್ಕೆ ರತ್ನಾ ಕ್ಷೇತ್ರ ಸಾಕ್ಷಿ. 1994ರಲ್ಲಿ ಅದರ ಉತ್ಪಾದನೆ ನಿಂತಿತು. 1996ರಲ್ಲಿ ಅದನ್ನು ಖಾಸಗಿ ಒಕ್ಕೂಟವೊಂದಕ್ಕೆ ನೀಡಲು ನಿರ್ಧಾರವಾದರೂ ಒಪ್ಪಂದಕ್ಕೆ ಸಹಿ ಬೀಳಲೇ ಇಲ್ಲ. 2016ರಲ್ಲಿ ಕ್ಷೇತ್ರ ಓಎನ್‌ಜಿಸಿಗೆ ಮರಳಿತು. ನಂತರದ ಪುನರುಜ್ಜೀವನ ಯೋಜನೆಯಲ್ಲಿ ಅದನ್ನು ಹೀರಾ ಕೇಂದ್ರಕ್ಕೆ ಜೋಡಿಸಲಾಯಿತು. ಭೂಗರ್ಭದಲ್ಲಿ ತೈಲವಿದ್ದೂ ಎರಡು ದಶಕಗಳು ವ್ಯರ್ಥವಾದುವು.

ಕೇಂದ್ರವೇ ನಾಶವಾದರೆ ಏನಾಗುತ್ತದೆ ಎಂಬುದು 2005ರ ಜುಲೈ 27ರಂದು ತಿಳಿಯಿತು. ಗಾಯಗೊಂಡ ಅಡುಗೆಯವನೊಬ್ಬನನ್ನು ಚಿಕಿತ್ಸೆಗೆಂದು ಮುಂಬಯಿ ಹೈ ಉತ್ತರ ವೇದಿಕೆಗೆ ಸಾಗಿಸಲು ಬಂದ 'ಸಮುದ್ರ ಸುರಕ್ಷಾ' ಹಡಗು, ಕಡಲತಳದಿಂದ ವೇದಿಕೆಗೆ ಏರುವ ಅನಿಲ ಕೊಳವೆಗೆ ಅಪ್ಪಳಿಸಿತು. ಬೆಂಕಿಯಲ್ಲಿ ವೇದಿಕೆ ಸಂಪೂರ್ಣ ನಾಶವಾಯಿತು. 22 ಮಂದಿ ಮಡಿದರು. ಕೊಳವೆಗಳನ್ನು ವೇದಿಕೆಯ ಹೊರಬದಿಯಲ್ಲಿ, ಹಡಗುಗಳು ಸಮೀಪಿಸುವ ಕಡೆ ಇರಿಸುವುದರ ಅಪಾಯ ಬಯಲಾದದ್ದು ಈ ಬೆಲೆ ತೆತ್ತ ಮೇಲೆ. ಆ ಕೇಂದ್ರವನ್ನು ನೆಚ್ಚಿದ್ದ ಬಾವಿವೇದಿಕೆಗಳೂ ಉತ್ಪಾದನೆ ನಿಲ್ಲಿಸಬೇಕಾಯಿತು. ದಿನಕ್ಕೆ ಒಂದು ಲಕ್ಷ ಬ್ಯಾರೆಲಿಗೂ ಮಿಕ್ಕ ಉತ್ಪಾದನೆ ಸ್ಥಗಿತಗೊಂಡಿತು. ಪರಾವಲಂಬನೆಯ ಈ ದೌರ್ಬಲ್ಯಕ್ಕೆ ಪರಿಹಾರ ದೊರೆತದ್ದೂ ಅದೇ ಜಾಲದಲ್ಲಿ: ಬಾವಿಗಳ ಹರಿವನ್ನು ನೆರೆಯ ಕೇಂದ್ರಗಳ ಕಡೆಗೆ ತಿರುಗಿಸಿ, ಕೆಲವೇ ವಾರಗಳಲ್ಲಿ ನಿಂತಿದ್ದ ಉತ್ಪಾದನೆಯ ಬಹುಭಾಗವನ್ನು ಮತ್ತೆ ಆರಂಭಿಸಲಾಯಿತು.