ಪ್ಯಾರಡಾಕ್ಸ್ ಕಣಿವೆಯ ಉಪ್ಪು

ಅಮೆರಿಕದ ಕೊಲೊರಾಡೊ ರಾಜ್ಯದ ಪಶ್ಚಿಮ ಅಂಚಿನಲ್ಲಿ ಪ್ಯಾರಡಾಕ್ಸ್ ಎಂಬ ಕಣಿವೆ ಇದೆ. ನದಿ ಎಂದರೆ ಕಣಿವೆಯ ಉದ್ದಕ್ಕೆ ಹರಿಯಬೇಕು. ಇಲ್ಲಿ ಡೊಲೊರೆಸ್ ನದಿ ಒಂದು ಬದಿಯ ಗುಡ್ಡ ಸೀಳಿಕೊಂಡು ಬಂದು, ಕಣಿವೆಯನ್ನು ಅಡ್ಡಲಾಗಿ ದಾಟಿ, ಎದುರಿನ ಗುಡ್ಡ ಸೀಳಿಕೊಂಡು ಹೋಗುತ್ತದೆ. ಈ ವಿಚಿತ್ರದಿಂದಲೇ ಕಣಿವೆಗೆ ಆ ಹೆಸರು. ನೆಲದಡಿ ಪುರಾತನ ಸಮುದ್ರವೊಂದು ಬಿಟ್ಟುಹೋದ ಉಪ್ಪಿನ ದಪ್ಪ ಪದರವಿದೆ. ಅದನ್ನು ಕರಗಿಸಿಕೊಂಡ ಅಂತರ್ಜಲ ಸಮುದ್ರದ ನೀರಿಗಿಂತ ಏಳು ಪಟ್ಟಿಗೂ ಹೆಚ್ಚು ಉಪ್ಪಾಗಿ ನದಿಗೆ ಒಸರುತ್ತದೆ.

ಡೊಲೊರೆಸ್ ಹೋಗಿ ಸೇರುವುದು ಕೊಲೊರಾಡೊ ನದಿಯನ್ನು. ಆ ನದಿಯ ಕೊನೆಯ ಪಾಲು ಮೆಕ್ಸಿಕೊದ್ದು. 1944ರ ಒಪ್ಪಂದದಂತೆ ಅಮೆರಿಕ ವರ್ಷಕ್ಕೆ ಸುಮಾರು 185 ಕೋಟಿ ಘನ ಮೀಟರ್ ನೀರು ಬಿಡಬೇಕಿತ್ತು. ಎಷ್ಟು ನೀರು ಎಂಬುದು ಕಾಗದದಲ್ಲಿತ್ತು. ಎಂಥ ನೀರು ಎಂಬುದು ಇರಲಿಲ್ಲ. 1961ರಲ್ಲಿ ಅರಿಜೋನಾದ ವೆಲ್ಟನ್-ಮೊಹಾಕ್ ಪ್ರದೇಶದವರು ತಮ್ಮ ಹೊಲಗಳಡಿ ನಿಂತಿದ್ದ ಉಪ್ಪುನೀರನ್ನು ಪಂಪ್ ಮಾಡಿ ನದಿಗೆ ಬಿಡತೊಡಗಿದರು. ಕೆಳಗಿನ ಮೆಕ್ಸಿಕಾಲಿ ಕಣಿವೆಯಲ್ಲಿ ಬೆಳೆ ಕೆಟ್ಟಿತು, ರೈತರು ಬೀದಿಗಿಳಿದರು. ಹನ್ನೆರಡು ವರ್ಷಗಳ ಜಗಳದ ನಂತರ 1973ರಲ್ಲಿ ಎರಡೂ ದೇಶಗಳು ಉಪ್ಪಿನ ಮಿತಿಯ ಬಗ್ಗೆ ಒಪ್ಪಿದವು. ಮರುವರ್ಷ ಅಮೆರಿಕ ಅದಕ್ಕಾಗಿ ಕಾನೂನು ಮಾಡಿತು.

ಆ ಒಂದೇ ಕಾನೂನು ಎರಡು ಯೋಜನೆಗಳಿಗೆ ದಾರಿ ಮಾಡಿತು. ಒಂದು, ಗಡಿಯ ಬಳಿ ಯೂಮಾದಲ್ಲಿ ನೀರಿನ ಉಪ್ಪು ತೆಗೆಯುವ ಸ್ಥಾವರ. ಇನ್ನೊಂದು, ಪ್ಯಾರಡಾಕ್ಸ್‌ನಲ್ಲಿ ಉಪ್ಪುನೀರು ನದಿ ಮುಟ್ಟುವ ಮೊದಲೇ ಅದನ್ನು ಮೇಲೆತ್ತಿ ಪಾತಾಳಕ್ಕೆ ತುಂಬುವ ಬಾವಿ.

ಉಪ್ಪು ತೆಗೆಯುವ ಯಾವ ಯಂತ್ರವೂ ಉಪ್ಪನ್ನು ಇಲ್ಲವಾಗಿಸುವುದಿಲ್ಲ. ಒಂದು ಕೊಳವೆಯಲ್ಲಿ ಸಿಹಿನೀರು ಬಂದರೆ ಇನ್ನೊಂದರಲ್ಲಿ ಮೊದಲಿಗಿಂತ ಗಾಢವಾದ ಉಪ್ಪುನೀರು ಬರುತ್ತದೆ. ಚೆನ್ನೈನ ಮಿಂಜೂರು, ನೆಮ್ಮೇಲಿ ಸ್ಥಾವರಗಳಿಗೆ ಅದನ್ನು ಬಿಡಲು ಪಕ್ಕದಲ್ಲೇ ಬಂಗಾಳ ಕೊಲ್ಲಿ ಇದೆ. ಒಳನಾಡಿನಲ್ಲಿ ಆ ಅನುಕೂಲವಿಲ್ಲ. ಆವಿಯಾಗಲು ಬಿಡಬೇಕಾದರೆ ದೊಡ್ಡ ಕೆರೆಗಳೇ ಬೇಕು. ಉಳಿಯುವ ದಾರಿ ಪಾತಾಳ.

ಆ ದಾರಿ ಹೊಸದೇನೂ ಆಗಿರಲಿಲ್ಲ. ಅದೇ ಕೊಲೊರಾಡೊ ರಾಜ್ಯದ ಡೆನ್ವರ್ ನಗರದ ಹೊರವಲಯದಲ್ಲಿ ಸೇನೆಯ ರಾಸಾಯನಿಕ ಅಸ್ತ್ರಗಳ ಕಾರ್ಖಾನೆಯೊಂದಿತ್ತು. 1962ರ ಮಾರ್ಚ್‌ನಿಂದ ಅದರ ವಿಷದ ನೀರನ್ನು ಸುಮಾರು 3.7 ಕಿಲೋಮೀಟರ್ ಆಳಕ್ಕೆ ತುಂಬಲಾಯಿತು. ಮುಂದಿನ ತಿಂಗಳಿಂದಲೇ ನೆಲ ನಡುಗತೊಡಗಿತು. ನೀರು ತುಂಬಿದ ತಿಂಗಳುಗಳಿಗೂ ಕಂಪನಗಳಿಗೂ ತಾಳೆ ಇದೆ ಎಂದು 1965ರಲ್ಲಿ ಭೂವಿಜ್ಞಾನಿ ಡೇವಿಡ್ ಇವಾನ್ಸ್ ತೋರಿಸಿದರು. 1966ರ ಫೆಬ್ರವರಿಯಲ್ಲಿ ಬಾವಿ ನಿಂತಿತು. ಆದರೆ ದೊಡ್ಡ ಕಂಪನಗಳು ಬಂದದ್ದು 1967ರಲ್ಲಿ, ಪಂಪ್ ನಿಂತ ಮೇಲೆ. ಆಳದ ಬಂಡೆಯ ಬಿರುಕುಗಳನ್ನು ಮೇಲಿನ ಭಾರ ಒತ್ತಿ ಹಿಡಿದಿರುತ್ತದೆ. ಬಿರುಕಿಗೆ ನೀರಿನ ಒತ್ತಡ ಸೇರಿದರೆ ಆ ಹಿಡಿತ ಸಡಿಲವಾಗಿ ಬಂಡೆ ಜಾರುತ್ತದೆ. ಒತ್ತಡ ನಿಧಾನಕ್ಕೆ ಹರಡುವುದರಿಂದ ಅದರ ಫಲವೂ ತಡವಾಗಿ ಕಾಣುತ್ತದೆ.

ಪ್ಯಾರಡಾಕ್ಸ್‌ನ ಎಂಜಿನಿಯರ್‌ಗಳಿಗೆ ಇದು ಗೊತ್ತಿತ್ತು. ಅದಕ್ಕೇ ನೀರು ತುಂಬುವ ವರ್ಷಗಳ ಮೊದಲೇ ಕಣಿವೆಯ ಸುತ್ತ ಭೂಕಂಪನ ಮಾಪಕಗಳನ್ನು ಇಟ್ಟರು. 1991ರಲ್ಲಿ ಪ್ರಯೋಗ ಶುರುವಾಯಿತು. 1996ರಿಂದ ಸುಮಾರು 4.9 ಕಿಲೋಮೀಟರ್ ಆಳದ ಬಾವಿ ಸತತವಾಗಿ ನಡೆಯಿತು. ವರ್ಷಕ್ಕೆ ಹತ್ತಿರ ಹತ್ತಿರ 1 ಲಕ್ಷ ಟನ್ ಉಪ್ಪು ನದಿಗೆ ಹೋಗುವುದು ತಪ್ಪಿತು. ಜೊತೆಗೆ ಸಾವಿರಾರು ಸಣ್ಣ ಕಂಪನಗಳೂ ದಾಖಲಾದವು. 2000ದ ಮೇ ತಿಂಗಳಲ್ಲಿ 4.3 ಪ್ರಮಾಣದ್ದು ಬಂದಾಗ ತುಂಬುವ ವೇಗ ತಗ್ಗಿಸಿದರು. 2013ರ ಜನವರಿಯಲ್ಲಿ ಬಾವಿಯಿಂದ ಸುಮಾರು 8 ಕಿಲೋಮೀಟರ್ ದೂರದಲ್ಲಿ 4.4 ಪ್ರಮಾಣದ್ದು ಬಂತು, ಮತ್ತೆ ತಗ್ಗಿಸಿದರು. 2019ರ ಮಾರ್ಚ್‌ನಲ್ಲಿ 4.5 ಪ್ರಮಾಣದ್ದು ಬಂದಾಗ ಪಂಪ್ ನಿಲ್ಲಿಸಿದರು. ಉಪ್ಪು ಮತ್ತೆ ನದಿ ಸೇರಿತು. ಹೊಸ ಬಾವಿ, ಆವಿಯಾಗಿಸುವ ಕೊಳಗಳು ಎಲ್ಲವನ್ನೂ ಪರಿಶೀಲಿಸಿದ ಸರ್ಕಾರ 2020ರ ಕೊನೆಗೆ ಯಾವುದೂ ಬೇಡ ಎಂದಿತು. 2022ರಲ್ಲಿ ಹಳೆಯ ಬಾವಿಯನ್ನೇ ಇನ್ನೂ ಕಡಿಮೆ ವೇಗದಲ್ಲಿ ಮತ್ತೆ ನಡೆಸತೊಡಗಿದರು.

ಹಾಗೆಂದು ಇಂಥ ಬಾವಿಗಳೆಲ್ಲ ನೆಲ ನಡುಗಿಸುತ್ತವೆ ಎನ್ನಲಾಗದು. ಟೆಕ್ಸಾಸ್‌ನ ಎಲ್ ಪಾಸೊ ನಗರ 2007ರಿಂದ ದಿನಕ್ಕೆ ಸುಮಾರು 10 ಕೋಟಿ ಲೀಟರ್ ಸಿಹಿನೀರು ಕೊಡಬಲ್ಲ ಸ್ಥಾವರ ಇಟ್ಟುಕೊಂಡಿದೆ. ಅದರ ಉಪ್ಪುನೀರು ಸುಮಾರು 35 ಕಿಲೋಮೀಟರ್ ಕೊಳವೆಯಲ್ಲಿ ಮರುಭೂಮಿ ದಾಟಿ ಆಳದ ಬಾವಿಗಳಿಗೆ ಇಳಿಯುತ್ತದೆ. ಎಲ್ಲವೂ ನಿಂತಿರುವುದು ಬಂಡೆಯ ಗುಣ, ಒತ್ತಡ ಮತ್ತು ತುಂಬುವ ಪ್ರಮಾಣದ ಮೇಲೆ.

ಯೂಮಾ ಸ್ಥಾವರದ ಕತೆಯೇ ಬೇರೆ. ಅದು ಮುಗಿದದ್ದು 1992ರಲ್ಲಿ. ಕೆಲವೇ ತಿಂಗಳು ಓಡಿತು. ಆಮೇಲೆ ಪ್ರಯೋಗಕ್ಕೆಂದು ಎರಡು ಸಲ ನಡೆದದ್ದು ಬಿಟ್ಟರೆ ಸುಮ್ಮನೆ ನಿಂತಿದೆ. ಆದರೆ ವೆಲ್ಟನ್-ಮೊಹಾಕ್‌ನ ಉಪ್ಪುನೀರನ್ನು ನದಿಯಿಂದ ದೂರ ಒಯ್ಯಲು ತೋಡಿದ ಕಾಲುವೆ 1977ರಿಂದ ಹರಿಯುತ್ತಲೇ ಇದೆ. ಅದು ಮೆಕ್ಸಿಕೊದ ಒಣ ನೆಲದಲ್ಲಿ ಕೊನೆಗೊಂಡ ಕಡೆ ಸಾಂಟಾ ಕ್ಲಾರಾ ಎಂಬ ದೊಡ್ಡ ಜೌಗು ಬೆಳೆದುಕೊಂಡಿತು. ಈಗ ಅಲ್ಲಿ ಆಪಿನ ಪೊದೆಗಳಿವೆ, ವಲಸೆ ಹಕ್ಕಿಗಳು ಇಳಿಯುತ್ತವೆ. ಯೂಮಾ ಸ್ಥಾವರ ಪೂರ್ತಿ ಓಡತೊಡಗಿದರೆ ಆ ಕಾಲುವೆಗೆ ಬರುವ ನೀರು ಕಡಿಮೆಯಾಗುತ್ತದೆ, ಬಂದದ್ದೂ ಹೆಚ್ಚು ಉಪ್ಪಾಗಿರುತ್ತದೆ. ನದಿ ಬತ್ತುತ್ತಿರುವ ಈ ವರ್ಷಗಳಲ್ಲಿ ಅದನ್ನು ಓಡಿಸಬೇಕೇ ಬೇಡವೇ ಎಂಬ ಮಾತು ಮತ್ತೆ ಮತ್ತೆ ಏಳುತ್ತಿದೆ.