90 ನಂಬರ್ ಎಣ್ಣೆ

ಎರಡು ವರ್ಷದ ಹಿಂದೆ ಒಂದು ಪಿಕಪ್ ಟ್ರಕ್ಕಿನ ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಬಂದಿತ್ತು. ಗೇರ್‌ಬಾಕ್ಸಿಗೆ ಜಿಎಲ್-4, ಹಿಂದಿನ ಡಿಫರೆನ್ಷಿಯಲ್‌ಗೆ ಜಿಎಲ್-5 ಎಣ್ಣೆ ಹಾಕಬೇಕು ಎಂದು ಮೂಲದಲ್ಲಿತ್ತು. ಎಂಜಿನ್ ಆಯಿಲ್‌ನ ಸಾಲಿನಲ್ಲಿ ‘ಈ ದರ್ಜೆ ಅಥವಾ ಅದಕ್ಕಿಂತ ಮೇಲಿನದು’ ಎಂದು ಆಗಲೇ ಬರೆದಿದ್ದೆ. ಓದು ಸರಾಗವಾಗಲಿ ಎಂದು ಗೇರ್ ಎಣ್ಣೆಗೂ ಅದೇ ವಾಕ್ಯ ಹಾಕಿಬಿಟ್ಟೆ.

ಕರಡನ್ನು ಹೈದರಾಬಾದಿನ ಆಟೋನಗರದಲ್ಲಿ ಕೆಲಸ ಮಾಡುವ, ಹುಮನಾಬಾದ್ ಕಡೆಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಅವರು ಕೈ ಒರೆಸಿಕೊಂಡು, ಬೆರಳು ತಾಗದ ಹಾಗೆ ಹಾಳೆ ಹಿಡಿದು ಓದಿದರು. “ಸರ್, ಇದು ತಪ್ಪದ ನೋಡ್ರಿ. ನಾಲ್ಕರ ಜಾಗಕ್ಕ ಐದು ಹಾಕಿದ್ರ ಹಿತ್ತಾಳಿ ತಿಂತದ.”

ಎಣ್ಣೆ ಹಿತ್ತಾಳೆಯನ್ನು ತಿನ್ನುವುದು ಎಂದರೇನು? ಭಾಷಾವಿಜ್ಞಾನ ಓದಿದವನಿಗೆ ಇದು ಗೊತ್ತಿರುವ ಸಂಗತಿಯಲ್ಲ. ಹುಡುಕುತ್ತ ಹೋದೆ. ಎತ್ತಿನ ಬಂಡಿಯಿಂದ ತಿಮಿಂಗಿಲದವರೆಗೆ ಹೋಗಬೇಕಾಯಿತು.

ಅಂಗಡಿಯಲ್ಲಿ ಯಾರೂ ಜಿಎಲ್ ಎಂದು ಕೇಳುವುದಿಲ್ಲ. ಹೈದರಾಬಾದಾಗಲಿ ಹುಬ್ಬಳ್ಳಿಯಾಗಲಿ, ಕೇಳುವುದು ‘90 ನಂಬರ್’ ಇಲ್ಲವೇ ‘140 ನಂಬರ್’. ಆ ಸಂಖ್ಯೆ ಹೇಳುವುದು ಮಂದ ಎಷ್ಟು ಎಂಬುದನ್ನು ಮಾತ್ರ, ಅಂದರೆ ಬಿಸಿಯಾದಾಗ ಎಣ್ಣೆ ಎಷ್ಟು ನಿಧಾನವಾಗಿ ಹರಿಯುತ್ತದೆ ಎಂಬುದನ್ನು. ಅದರೊಳಗೆ ಏನು ಬೆರೆಸಿದ್ದಾರೆ ಎಂಬುದನ್ನು ಅದು ಹೇಳುವುದಿಲ್ಲ. ಜಿಎಲ್-4 ಎಣ್ಣೆಯೂ 90 ಇರಬಹುದು, ಜಿಎಲ್-5 ಎಣ್ಣೆಯೂ 90 ಇರಬಹುದು.

ಮಂದವನ್ನೇ ಗುಣವೆಂದು ಎಣಿಸುವ ನಮ್ಮ ಅಭ್ಯಾಸ ಬಂಡಿಯ ಕಾಲದ್ದಿರಬೇಕು. ಅಚ್ಚಿಗೆ ಹಾಕುವ ಕಪ್ಪು ಎಣ್ಣೆಗೆ ಕನ್ನಡದಲ್ಲಿ ‘ಕೀಲೆಣ್ಣೆ’ ಎಂಬ ಚೆಂದದ ಹೆಸರಿದೆ. (‘ಎಣ್ಣೆ’ಯೇ ಎಳ್ಳು ಮತ್ತು ನೆಯ್ ಸೇರಿ ಆದ ಪದ. ಆ ಲೆಕ್ಕದಲ್ಲಿ ಹರಳೆಣ್ಣೆ ಎಂದರೆ ಹರಳಿನ ಎಳ್ಳೆಣ್ಣೆ! ಮಾತು ಬೆಳೆಯುವುದೇ ಹೀಗೆ.) ಬಂಡಿಯ ಅಚ್ಚಿಗೆ ಹರಳೆಣ್ಣೆಯೂ ಬಳಕೆಯಲ್ಲಿತ್ತು. ಉತ್ತರ ಕರ್ನಾಟಕದವರು ಅದನ್ನು ಔಡಲ ಎಣ್ಣೆ ಎನ್ನುತ್ತಾರೆ, ಇಲ್ಲಿನ ತೆಲುಗಿನಲ್ಲಿ ಆಮುದಂ.

ಹೈದರಾಬಾದ್ ಸಂಸ್ಥಾನ ಹರಳಿಗೆ ಹೆಸರಾದ ಸೀಮೆ. ನಲ್ಗೊಂಡ, ಮಹಬೂಬ್‌ನಗರಗಳ ಮಳೆ ಕಡಿಮೆಯ ಹೊಲಗಳಲ್ಲಿ ಅದು ಬೆಳೆಯುತ್ತಿತ್ತು. ಈಗಲೂ ರಾಜೇಂದ್ರನಗರದ ಎಣ್ಣೆಕಾಳು ಸಂಶೋಧನಾ ಸಂಸ್ಥೆ ಹರಳಿನ ತಳಿಗಳ ಮೇಲೆ ಕೆಲಸ ಮಾಡುತ್ತದೆ. 1932ರಲ್ಲಿ ನಿಜಾಮರ ರೈಲ್ವೆ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಶುರುಮಾಡಿದಾಗ ಕಲಬುರಗಿ, ಬೀದರ, ರಾಯಚೂರುಗಳೂ ಆ ಸಂಸ್ಥಾನದೊಳಗೇ ಇದ್ದವು. ಗೇರ್‌ಬಾಕ್ಸಿನ ಬಸ್ಸೂ ಕೀಲೆಣ್ಣೆಯ ಬಂಡಿಯೂ ಒಂದೇ ರಸ್ತೆಯಲ್ಲಿ ಓಡಿದ ಕಾಲ ಅದು.

ಹರಳೆಣ್ಣೆಯ ಗುಣ ಬರೀ ಮಂದವಲ್ಲ. ಅದರ ಬಹುಪಾಲು ರಿಸಿನೋಲಿಕ್ ಆಮ್ಲ. ಆ ಅಣುವಿನ ಒಂದು ತುದಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ ಎಂಬ ಕಾರಣಕ್ಕೆ ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್‌ಗಳಿಗೆ ಅದೇ ಬೇಕಾಗಿತ್ತು. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ ಹರಳೆಣ್ಣೆ ಬೆರೆಸಿದ ತನ್ನ ಎಣ್ಣೆಗೆ ‘ಕ್ಯಾಸ್ಟ್ರೋಲ್’ ಎಂದು ಹೆಸರಿಟ್ಟಿತು. ಕ್ಯಾಸ್ಟರ್ ಎಂದರೆ ಹರಳು. ಎಷ್ಟೋ ವರ್ಷದ ನಂತರವೂ ಫ್ರಾನ್ಸಿನ ಪೂಜೋ 404 ಕಾರಿನ ಹಿಂದಿನ ಅಚ್ಚಿಗೆ ಹರಳೆಣ್ಣೆ ಮೂಲದ ಎಣ್ಣೆಯನ್ನೇ ಹಾಕಬೇಕಿತ್ತು, ಏಕೆಂದರೆ ಅದರಲ್ಲಿದ್ದದ್ದು ಕಂಚಿನ ಚಕ್ರವಿರುವ ವರ್ಮ್ ಗೇರ್. ಹರಳೆಣ್ಣೆ ಕಂಚಿಗೆ ಕೇಡು ಮಾಡುವುದಿಲ್ಲ. ಆದರೆ ಸಾಮಾನ್ಯ ಖನಿಜ ಎಣ್ಣೆಯ ಜೊತೆ ಸರಿಯಾಗಿ ಬೆರೆಯುವುದೂ ಇಲ್ಲ.

ಕಥೆಗೆ ತಿರುವು ಬಂದದ್ದು 1926ರಲ್ಲಿ. ಅಮೆರಿಕದ ಪ್ಯಾಕರ್ಡ್ ಕಂಪನಿ ತನ್ನ ಕಾರುಗಳಿಗೆ ಹೈಪಾಯ್ಡ್ ಗೇರ್ ತಂದಿತು. ಅದಕ್ಕೆ ಮೊದಲು ಎಂಜಿನ್ನಿಂದ ಬರುವ ಪಿನಿಯನ್, ಕ್ರೌನ್ ಚಕ್ರದ ನಟ್ಟನಡುವಿನ ಮಟ್ಟಕ್ಕೆ ಬಂದು ಕೂಡುತ್ತಿತ್ತು. ಹೈಪಾಯ್ಡಿನಲ್ಲಿ ಪಿನಿಯನ್ ಅದಕ್ಕಿಂತ ಕೆಳಗೆ ಇಳಿಯಿತು. ಶಾಫ್ಟ್ ತಗ್ಗಿತು, ಕಾರಿನ ನೆಲವೂ ತಗ್ಗಿತು, ಗೇರಿನ ಸದ್ದೂ ಕಡಿಮೆಯಾಯಿತು. ಆದರೆ ಹಲ್ಲುಗಳು ಈಗ ಬರೀ ಉರುಳುತ್ತಿರಲಿಲ್ಲ, ಒಂದರ ಮೇಲೊಂದು ಜಾರುತ್ತ ಉಜ್ಜುತ್ತಿದ್ದವು. ಎಷ್ಟೇ ಮಂದದ ಎಣ್ಣೆ ಹಾಕಿದರೂ ಆ ಒತ್ತಡಕ್ಕೆ ಅದರ ಪದರ ಒರೆಸಿಹೋಗುತ್ತಿತ್ತು. ಲೋಹಕ್ಕೆ ಲೋಹ ತಾಗಿ, ಕಾದು, ಬೆಸೆದು, ಕಿತ್ತು ಬರುತ್ತಿತ್ತು.

ಇದಕ್ಕೆ ಸಿಕ್ಕ ಮದ್ದು ಗಂಧಕ. ಸೀಸ, ಕ್ಲೋರಿನ್‌ಗಳನ್ನೂ ಬಳಸಿದರು, ಆಮೇಲೆ ರಂಜಕ ಬಂತು, ಉಳಿದುಕೊಂಡದ್ದು ಗಂಧಕ ಮತ್ತು ರಂಜಕದ ಜೋಡಿ. ಹಲ್ಲುಗಳು ತಾಗಿ ಕಾದ ಜಾಗದಲ್ಲಿ ಗಂಧಕವು ಕಬ್ಬಿಣದ ಜೊತೆ ಸೇರಿ ತೆಳ್ಳನೆಯ ಪೊರೆ ಕಟ್ಟುತ್ತದೆ. ಉಜ್ಜಿದಾಗ ಸವೆಯುವುದು ಆ ಪೊರೆ, ಹಲ್ಲಲ್ಲ. ಡಿಫರೆನ್ಷಿಯಲ್ ಬಿಚ್ಚಿದಾಗ ಮೂಗಿಗೆ ಹೊಡೆಯುವ, ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಇದರದೇ.

ಗೇರ್‌ಬಾಕ್ಸಿನ ದಾರಿ ಬೇರೆಯಾಯಿತು. 1928ರಲ್ಲಿ ಕ್ಯಾಡಿಲಾಕ್ ಸಿಂಕ್ರೋಮೆಶ್ ತಂದಿತು. ಅಲ್ಲಿಯವರೆಗೆ ಗೇರ್ ಬದಲಿಸಲು ಕ್ಲಚ್ಚನ್ನು ಎರಡು ಸಲ ತುಳಿದು ವೇಗ ಹೊಂದಿಸಬೇಕಿತ್ತು. ಸಿಂಕ್ರೋಮೆಶ್‌ನಲ್ಲಿ ಆ ಕೆಲಸ ಒಂದು ಉಂಗುರದ್ದು, ಮುಂದೆ ಬಹಳಷ್ಟು ಗೇರ್‌ಬಾಕ್ಸುಗಳಲ್ಲಿ ಅದು ಹಿತ್ತಾಳೆಯದಾಯಿತು. ಅದು ಗೇರಿಗೆ ಉಜ್ಜಿ, ವೇಗ ಸಮ ಮಾಡಿ, ಆಮೇಲೆ ಹಲ್ಲು ಕೂಡಿಸುತ್ತದೆ. ಉಜ್ಜುವುದೇ ಅದರ ಕೆಲಸವಾದ್ದರಿಂದ ಅದಕ್ಕೆ ಸ್ವಲ್ಪ ಹಿಡಿತ ಬೇಕು. ಜಿಎಲ್-5ರಲ್ಲಿ ಜಿಎಲ್-4ರ ಸುಮಾರು ಎರಡರಷ್ಟು ಗಂಧಕ-ರಂಜಕದ ಮಿಶ್ರಣವಿರುತ್ತದೆ. ಅದು ಉಂಗುರವನ್ನು ಅತಿಯಾಗಿ ಜಾರಿಸುತ್ತದೆ. ಗಂಧಕ ತೀರಾ ಚುರುಕಾಗಿದ್ದರೆ ಹಿತ್ತಾಳೆಯೊಳಗಿನ ತಾಮ್ರವನ್ನೂ ಕೊರೆಯುತ್ತದೆ. ಬೆಳ್ಳಿಯ ಕಾಲ್ಗೆಜ್ಜೆ ಕಪ್ಪಾಗುವುದು ನೋಡಿದ್ದೀರಲ್ಲ, ಅದೂ ಗಂಧಕದ ಕೆಲಸವೇ. ಈಗಿನ ಕೆಲವು ಜಿಎಲ್-5 ಎಣ್ಣೆಗಳು ತಾಮ್ರಕ್ಕೆ ಅಷ್ಟು ಕೇಡು ಮಾಡುವುದಿಲ್ಲ, ಆದರೆ ಜಾರುವ ತೊಂದರೆ ಹೋಗಿಲ್ಲ. ಕೆಲವು ಗೇರ್‌ಬಾಕ್ಸುಗಳನ್ನು ಜಿಎಲ್-5ಕ್ಕೆಂದೇ ಮಾಡಿರುತ್ತಾರೆ, ಅವಕ್ಕೆ ಅದೇ ಸರಿ.

ಅಂದರೆ ನಾಲ್ಕು, ಐದು ಎನ್ನುವುದು ಶಾಲೆಯ ತರಗತಿಯಂಥ ಏಣಿಯಲ್ಲ. ನಾನು ಬರೆದ ‘ದರ್ಜೆ’ ಎಂಬ ಪದವೇ ಏಣಿ ಇಟ್ಟಿತ್ತು.

ಇನ್ನು ತಿಮಿಂಗಿಲ. ಸ್ಪರ್ಮ್ ತಿಮಿಂಗಿಲದ ಎಣ್ಣೆಗೆ ಗಂಧಕ ಸೇರಿಸಿದರೆ ಅದು ಗೇರ್ ಎಣ್ಣೆಗೂ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ದ್ರವಕ್ಕೂ ಬಹಳ ಒಳ್ಳೆಯ ಬೆರಕೆಯಾಗುತ್ತಿತ್ತು. ಕ್ಲಚ್ ತಟ್ಟೆಗಳು ತಡವರಿಸದೆ ನಯವಾಗಿ ಹಿಡಿಯುತ್ತಿದ್ದವು. 1970ರಲ್ಲಿ ಅಮೆರಿಕ ಆ ತಿಮಿಂಗಿಲವನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಬದಲಿ ಹುಡುಕಿದವರು ಹೊಹೋಬಾ ಎಂಬ ಮರುಭೂಮಿಯ ಗಿಡದ ಬೀಜಕ್ಕೂ ಕೈಹಾಕಿದರು, ಪ್ರಯೋಗಶಾಲೆಯಲ್ಲಿ ಹೊಸ ರಾಸಾಯನಿಕಗಳನ್ನೂ ಮಾಡಿದರು.

ಅದೇ ಕೆಲಸದ ರಾಸಾಯನಿಕ ಈಗ ‘ಫ್ರಿಕ್ಷನ್ ಮಾಡಿಫೈಯರ್’ ಎಂಬ ಹೆಸರಲ್ಲಿ ಪುಟ್ಟ ಬಾಟಲಿಯಲ್ಲಿ ಬರುತ್ತದೆ. 1956ರಲ್ಲಿ, ಮತ್ತೆ ಪ್ಯಾಕರ್ಡೇ, ಒಂದು ಚಕ್ರ ಕೆಸರಲ್ಲಿ ಜಾರಿದರೂ ಇನ್ನೊಂದಕ್ಕೆ ಬಲ ಹೋಗುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ತಂದಿತು. ತಿರುವಿನಲ್ಲಿ ಅದರ ಕ್ಲಚ್ ತಟ್ಟೆಗಳು ಗರಗರ ಅಂದರೆ ಮದ್ದು ಆ ಬಾಟಲಿ. ಈಗ ಟ್ರಕ್ಕಿನ ಎಂಜಿನ್ನಿಗೆ ಬಲ ಏರಿಸಿ, ದೊಡ್ಡ ಟೈರು ಹಾಕಿ, ಬಂಡೆಗಲ್ಲಿನ ಗುಡ್ಡ ಹತ್ತಿಸುವ ಹುಡುಗರು ಅದನ್ನು ಯಾವ ಡಿಫರೆನ್ಷಿಯಲ್‌ಗಾದರೂ ಸುರಿಯುತ್ತಾರೆ. ಕ್ಲಚ್ ತಟ್ಟೆ ಇಲ್ಲದ, ಬರೀ ಗೇರಿನಿಂದ ನಡೆಯುವ ಡಿಫರೆನ್ಷಿಯಲ್‌ಗೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಎಷ್ಟೋ ಎಣ್ಣೆಗಳಲ್ಲಿ ಅದು ಆಗಲೇ ಬೆರೆತಿರುತ್ತದೆ. ಬಲ ಏರಿಸಿದವರು ಆ ದುಡ್ಡಿನಲ್ಲಿ ಎಣ್ಣೆಯನ್ನೇ ಬೇಗ ಬೇಗ ಬದಲಿಸಿದರೆ ಹೆಚ್ಚು ಲಾಭ ಎಂದು ನನ್ನ ಅನಿಸಿಕೆ.

ಕೈಪಿಡಿಯ ಸಾಲನ್ನು ತಿದ್ದಿದೆ: ‘ಗೇರ್‌ಬಾಕ್ಸಿಗೆ ಜಿಎಲ್-4 ಬಗೆಯ ಎಣ್ಣೆ ಮಾತ್ರ. ಜಿಎಲ್-5 ಹಾಕಬೇಡಿ.’ ಆಟೋನಗರಕ್ಕೆ ಮತ್ತೆ ಒಯ್ದು ತೋರಿಸಿದೆ. ಈ ಸಲ ಮೆಕ್ಯಾನಿಕ್ ತಲೆಯಾಡಿಸಿದರು, ಆಮೇಲೆ ನನ್ನ ಪೆನ್ನು ಇಸಿದುಕೊಂಡು ಅಂಚಿನಲ್ಲಿ 90 ಎಂದು ಬರೆದರು. “ಇದು ಇರ್ಲಿಲ್ಲಂದ್ರ ಅಂಗಡ್ಯಾಗ ಏನಂತ ಕೇಳ್ತಾರ್ರಿ?”