ಟ್ರ್ಯಾಕ್ಟರ್ ಮಗುಚಿದರೆ ಭಾರ ತಡೆಯುವುದು ಯಾವುದು? ಸ್ವೀಡನ್ನಿನ 1959ರ ಕಾನೂನಿನ ಕಥೆ

ನಮ್ಮ ಕಡೆ ಹೊಸ ಟ್ರ್ಯಾಕ್ಟರ್ ಮನೆಗೆ ಬಂದರೆ ಮೊದಲು ಪೂಜೆ, ಆಮೇಲೆ ಎಷ್ಟೋ ಜನ ಸೀಟಿನ ಮೇಲೊಂದು ಚಾವಣಿ ಹಾಕಿಸುತ್ತಾರೆ. ಬಿಸಿಲಿಗೆ, ಮಳೆಗೆ ಅದು ಬೇಕೇ ಬೇಕು. ಆದರೆ ತೆಳು ಪೈಪಿನ ಮೇಲೆ ಫೈಬರ್ ಶೀಟೋ ತಗಡೋ ಕೂರಿಸಿದ ಆ ಚಾವಣಿ ನೆರಳಿಗೆ ಮಾತ್ರ. ಸುಮಾರು ಎರಡು ಟನ್ ತೂಗುವ ಗಾಡಿ ತಲೆಕೆಳಗಾದರೆ ಅದು ಕೊಡೆಯಂತೆ ಮಡಚಿಕೊಳ್ಳುತ್ತದೆ. ಭಾರ ತಡೆಯುವ ಚೌಕಟ್ಟು ಬೇರೆಯೇ ಇದೆ. ಹೊಸ ಟ್ರ್ಯಾಕ್ಟರ್‌ಗಳಿಗೆಲ್ಲ ಅದು ಇರಲೇಬೇಕು ಎಂದು ಮೊದಲು ಕಾನೂನು ಮಾಡಿದ ದೇಶ ಸ್ವೀಡನ್.

ಎರಡನೇ ಮಹಾಯುದ್ಧದ ನಂತರ ಅಲ್ಲಿ ಕುದುರೆಗಳು ಕೊಟ್ಟಿಗೆ ಬಿಟ್ಟವು, ಟ್ರ್ಯಾಕ್ಟರ್‌ಗಳು ಬಂದವು. ಇಳಿಜಾರಿನಲ್ಲಿ, ಕಾಲುವೆ ಬದಿಯಲ್ಲಿ, ಕಾಡಿನಿಂದ ಮರ ಎಳೆಯುವಾಗ ಅವು ಮಗುಚುತ್ತಿದ್ದವು. ಓಡಿಸುವವನು ಅಡಿಯಲ್ಲಿ ಸಿಕ್ಕಿಕೊಳ್ಳುತ್ತಿದ್ದ.

ಟ್ರ್ಯಾಕ್ಟರ್ ಪಕ್ಕಕ್ಕೆ ಮಗುಚುವುದು ಎಲ್ಲರಿಗೂ ಗೊತ್ತು. ಹಿಂದಕ್ಕೆ ಮಗುಚುವುದು ಅದಕ್ಕಿಂತ ಕೆಟ್ಟದ್ದು. ಹಿಂದಿನ ಗಾಲಿ ಹೂತು ತಿರುಗದೆ ನಿಂತಾಗ, ಇಲ್ಲವೇ ಭಾರವನ್ನು ಕೊಂಡಿಗಿಂತ ಮೇಲೆ ಕಟ್ಟಿ ಎಳೆದಾಗ, ಎಂಜಿನ್ನಿನ ಶಕ್ತಿ ಗಾಲಿ ತಿರುಗಿಸುವ ಬದಲು ಗಾಡಿಯ ಮುಂಭಾಗವನ್ನೇ ಎತ್ತುತ್ತದೆ. ಕೆಸರುಗದ್ದೆಯಲ್ಲಿ ಕೇಜ್ ವೀಲ್ ಹೂತು ಮುಂದಿನ ಚಕ್ರ ಮೇಲೇಳುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೂರ್ತಿ ಮಗುಚಲು ಒಂದೂವರೆ ಸೆಕೆಂಡು ಸಾಕು. 'ಏನಾದರೂ ಆದರೆ ಹಾರಿಕೊಳ್ಳುತ್ತೇನೆ' ಎಂಬುದು ಕಟ್ಟೆಯ ಮೇಲೆ ಕೂತು ಆಡುವ ಮಾತು.

ಸ್ವೀಡನ್ನಿನ ತಂತ್ರಜ್ಞರು 1950ರ ದಶಕದಲ್ಲಿ ಇದನ್ನು ಬೇರೆ ಕಡೆಯಿಂದ ನೋಡಿದರು. ಗಾಡಿ ಮಗುಚುವುದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಮಗುಚಿದರೂ ಮನುಷ್ಯ ಕೂತ ಜಾಗ ಉಳಿಯಬೇಕು, ಅಷ್ಟೇ. ಅದಕ್ಕಾಗಿ ಸೀಟಿನ ಸುತ್ತ ಉಕ್ಕಿನ ಚೌಕಟ್ಟು ಕೂರಿಸಿ, ಅದನ್ನು ಪರೀಕ್ಷಿಸುವ ವಿಧಾನವನ್ನೂ ರೂಪಿಸಿದರು. ತೂಗುಹಾಕಿದ ಭಾರಿ ತೂಕವನ್ನು ಉಯ್ಯಾಲೆಯಂತೆ ಹಿಂದಕ್ಕೆಳೆದು ಬಿಡುವುದು, ಅದು ಬಂದು ಚೌಕಟ್ಟಿಗೆ ಅಪ್ಪಳಿಸುವುದು. ಮುಂದೆ ಇದೇ ಬಗೆಯ ಪರೀಕ್ಷೆ ಬೇರೆ ದೇಶಗಳಿಗೂ ಹೋಯಿತು. ಅಲ್ಲಿ ಹೊಡೆಯುವ ತೂಕ ಎರಡು ಟನ್.

ಈ ಪರೀಕ್ಷೆಯಲ್ಲಿ ಚೌಕಟ್ಟು ಬಗ್ಗಬಾರದು ಎಂದೇನೂ ಇಲ್ಲ. ಸ್ವಲ್ಪ ಬಗ್ಗಲೇಬೇಕು, ಬಗ್ಗಿದಷ್ಟೂ ಹೊಡೆತದ ಜೋರನ್ನು ಅದು ನುಂಗುತ್ತದೆ. ಆದರೆ ಡ್ರೈವರ್ ಕೂತ ಜಾಗದೊಳಗೆ ನುಗ್ಗಬಾರದು. ಊರಿನ ವೆಲ್ಡಿಂಗ್ ಶಾಪಿನಲ್ಲಿ ದಪ್ಪ ಪೈಪು ಕೂಡಿಸಿ 'ಇದೂ ಅದೇ' ಎನ್ನುವವರಿದ್ದಾರೆ. ಅದು ಅದಲ್ಲ. ಬೆಸುಗೆ ಬಗ್ಗದೆ ಕಿತ್ತು ಬಂದರೆ ಪೈಪು ಎಷ್ಟು ದಪ್ಪವಿದ್ದೂ ಪ್ರಯೋಜನವಿಲ್ಲ.

1959ರಲ್ಲಿ ಸ್ವೀಡನ್ ಹೊಸ ಟ್ರ್ಯಾಕ್ಟರ್‌ಗಳಿಗೆಲ್ಲ ಈ ಚೌಕಟ್ಟನ್ನು ಕಡ್ಡಾಯ ಮಾಡಿತು. ಟ್ರ್ಯಾಕ್ಟರ್ ಇಪ್ಪತ್ತು ಮೂವತ್ತು ವರ್ಷ ಬಾಳುವ ಸಾಮಾನು, ಹೊಸದಕ್ಕೆ ಮಾತ್ರ ಕಾನೂನು ಮಾಡಿದರೆ ಸಾಲದು. ಮುಂದೆ ಹಳೆಯವಕ್ಕೂ ಅದು ಬಂತು. 1950ರ ದಶಕದ ಕೊನೆಯಲ್ಲಿ ಅಲ್ಲಿ ಪ್ರತಿ ಒಂದು ಲಕ್ಷ ಟ್ರ್ಯಾಕ್ಟರ್‌ಗೆ ವರ್ಷಕ್ಕೆ ಹತ್ತಕ್ಕಿಂತ ಹೆಚ್ಚು ಜನ ಮಗುಚಿ ಸಾಯುತ್ತಿದ್ದರು. 1990ರ ಹೊತ್ತಿಗೆ ಆ ಲೆಕ್ಕ ಒಂದಕ್ಕಿಂತ ಕೆಳಗೆ ಇಳಿದಿತ್ತು.

ಬ್ರಿಟನ್ ಹೊಸ ಟ್ರ್ಯಾಕ್ಟರ್‌ಗಳಿಗೆ 1970ರಲ್ಲಿ ಇಂಥದ್ದೇ ನಿಯಮ ತಂದಿತು. ಅಮೆರಿಕ ಎಳೆದಾಡಿತು. ಅಲ್ಲಿ ಜಾನ್ ಡೀರ್ ಕಂಪನಿ 1966ರಲ್ಲಿ ಚೌಕಟ್ಟನ್ನು ಮಾರುಕಟ್ಟೆಗೆ ತಂದು, ಅದರ ವಿನ್ಯಾಸವನ್ನು ಬೇರೆ ಕಂಪನಿಗಳಿಗೂ ಬಿಟ್ಟುಕೊಟ್ಟಿತು. ದೊಡ್ಡ ಮನಸ್ಸಿನ ಕೆಲಸವೇ. ಆದರೆ ಕೊಳ್ಳುವುದು ಬಿಡುವುದು ರೈತನ ಇಷ್ಟವಾಗಿತ್ತು. 1976ರಲ್ಲಿ ಬಂದ ನಿಯಮವೂ ಕೂಲಿಯವರು ಓಡಿಸುವ ಟ್ರ್ಯಾಕ್ಟರ್‌ಗೆ ಮಾತ್ರ. ಅಪ್ಪ ಮಕ್ಕಳೇ ದುಡಿಯುವ ಹೊಲ ಅದರಿಂದ ಹೊರಗುಳಿಯಿತು. ಸಣ್ಣ ರೈತನ ಜೀವ ಅವನ ಸ್ವಂತ ಖರ್ಚಿಗೆ ಬಿಟ್ಟದ್ದು ಎಂಬ ಲೆಕ್ಕ ನಮಗಂತೂ ಒಪ್ಪಿಗೆಯಾಗುವುದಿಲ್ಲ. 2006ರಲ್ಲಿ ನ್ಯೂಯಾರ್ಕ್ ರಾಜ್ಯ ಹಳೆ ಟ್ರ್ಯಾಕ್ಟರಿಗೆ ಚೌಕಟ್ಟು ಕೂರಿಸುವ ಖರ್ಚಿನಲ್ಲಿ ನೂರಕ್ಕೆ 70ರಷ್ಟನ್ನು, ಒಂದು ಮಿತಿಯೊಳಗೆ, ವಾಪಸು ಕೊಡಲು ಶುರುಮಾಡಿತು. ಹನಿ ನೀರಾವರಿಗೆ, ಪವರ್ ಟಿಲ್ಲರ್‌ಗೆ ಸಬ್ಸಿಡಿ ಕೊಡುವ ನಮ್ಮ ಸರ್ಕಾರಗಳಿಗೆ ಇದು ಅರ್ಥವಾಗದ ವಿಷಯವಲ್ಲ.

ಕಾರಿನ ಚಾವಣಿಯ ಕಥೆ ಇನ್ನೂ ನಿಧಾನ. ಚಾವಣಿ ಕಾರಿನ ತೂಕದ ಒಂದೂವರೆ ಪಟ್ಟು ಒತ್ತಡ ತಡೆದರೆ ಸಾಕು ಎಂಬ ನಿಯಮ ಅಮೆರಿಕದಲ್ಲಿ 1973ರಲ್ಲಿ ಜಾರಿಗೆ ಬಂತು. ಅದನ್ನು ಮೂರು ಪಟ್ಟಿಗೆ ಏರಿಸುವ ತೀರ್ಮಾನವಾದದ್ದು 2009ರಲ್ಲಿ. ನಡುವೆ ವಾದವೋ ವಾದ. ಚಾವಣಿ ಕುಸಿದು ಕತ್ತು ಮುರಿಯುತ್ತದೆಯೋ, ಕಾರು ತಲೆಕೆಳಗಾದಾಗ ಮನುಷ್ಯನೇ ಹೋಗಿ ಚಾವಣಿಗೆ ಬಡಿಯುತ್ತಾನೋ ಎಂದು ಕಂಪನಿಗಳ ತಜ್ಞರೂ ಎದುರು ಪಕ್ಷದವರೂ ವರ್ಷಗಟ್ಟಲೆ ಜಗ್ಗಾಡಿದರು.

ಟ್ರ್ಯಾಕ್ಟರ್ ವಿಷಯದಲ್ಲಿ ಅಷ್ಟು ಗೊಂದಲವಿಲ್ಲ. ಚೌಕಟ್ಟು ಕಾಯುವುದು ಸೀಟಿನ ಜಾಗವನ್ನು, ಮನುಷ್ಯ ಆ ಜಾಗದಲ್ಲೇ ಇರಬೇಕಾದರೆ ಬೆಲ್ಟ್ ಬೇಕು. ಚೌಕಟ್ಟಿಲ್ಲದ ಟ್ರ್ಯಾಕ್ಟರಿನಲ್ಲಿ ಮಾತ್ರ ಬೆಲ್ಟ್ ಕಟ್ಟಿಕೊಳ್ಳಬಾರದು, ಗಾಡಿಯ ಜೊತೆಗೇ ಅಡಿಗೆ ಹೋಗುತ್ತೀರಿ. ಮಡ್‌ಗಾರ್ಡ್ ಮೇಲೆ ಕೂತ ಮಗನಿಗೋ ಆಳಿಗೋ ಎಂಥ ಚೌಕಟ್ಟೂ ರಕ್ಷಣೆಯಲ್ಲ, ಅದರ ಲೆಕ್ಕದಲ್ಲಿ ಇರುವುದು ಒಂದೇ ಸೀಟು. ತೋಟದೊಳಗೆ ಕೊಂಬೆ ತಾಗದಿರಲೆಂದು ಮಡಚುವ ಚೌಕಟ್ಟುಗಳೂ ಬಂದಿವೆ. ಮಡಚಿಟ್ಟಾಗ ಅದು ಇಲ್ಲದ ಹಾಗೆಯೇ, ಆಗ ಬೆಲ್ಟ್ ಬಿಚ್ಚಿರಬೇಕು. ತೋಟದಿಂದ ಹೊರಗೆ ಬಂದ ಕೂಡಲೇ ಅದನ್ನು ಎತ್ತಿ ಪಿನ್ನು ಹಾಕಿ, ಬೆಲ್ಟ್ ಕಟ್ಟಿಕೊಳ್ಳಬೇಕು.